ಬತ್ತಿ ಇಳಿಸುವ ಮುನಿಯಣ್ಣ

ಮಾಕಳಿಯ ನಮ್ಮ ಟಾಕೀಸಿನಲ್ಲಿ ಸಿನಿಮಾ ನೋಡುವುದಕ್ಕಿಂತ ಊಹಿಸುವುದೇ ಹೆಚ್ಚು. ಹಾಡು ಕಾಶ್ಮೀರದಲ್ಲಿ ಶುರುವಾದರೂ ನಮಗೆ ಕಾಣುವುದು ಸಂಜೆ ಏಳು ಗಂಟೆಯ ಪೀಣ್ಯ. ನಾಯಕ ಯಾರಿಗೆ ಹೊಡೆಯುತ್ತಿದ್ದಾನೆ ಎಂಬುದು ಏಟು ತಿಂದವನು ಕೂಗಿಕೊಂಡ ಮೇಲೆಯೇ ಗೊತ್ತಾಗುತ್ತದೆ. ಆದರೂ ವಾರವೆಲ್ಲ ಲೇತ್ ಮುಂದೆ ನಿಂತವನಿಗೆ ಭಾನುವಾರ ಅರವತ್ತು ರೂಪಾಯಿಗೆ ಎರಡೂವರೆ ಗಂಟೆ ಕೂರುವ ಜಾಗ ಬೇರೆಲ್ಲಿದೆ? ನಾನಂತೂ ಒಂದು ವಾರವೂ ತಪ್ಪಿಸಿದವನಲ್ಲ.

ಈ ಕತ್ತಲೆಗೆಲ್ಲ ಒಡೆಯ ಆಪರೇಟರ್ ಮುನಿಯಣ್ಣ. ಮಾಕಳಿಯವನೇ. ಮೂವತ್ತು ವರ್ಷದಿಂದ ಮೇಲಿನ ಕ್ಯಾಬಿನ್ನಿನಲ್ಲಿದ್ದಾನೆ. ರೀಲು ಹೋಗಿ ಡಿಜಿಟಲ್ ಬಂತು, ಅವನ ಅಭ್ಯಾಸ ಮಾತ್ರ ಹೋಗಲಿಲ್ಲ. ಪ್ರೊಜೆಕ್ಟರಿನ ಆ ದೊಡ್ಡ ಲ್ಯಾಂಪನ್ನು ಅವನು ಈಗಲೂ ಬತ್ತಿ ಎಂದೇ ಕರೆಯುತ್ತಾನೆ. ಅವನ ತಾಯಿ ಅಂಜನಮ್ಮ ಸೀಮೆಎಣ್ಣೆ ಉಳಿಸಲು ಲಾಟೀನಿನ ಬತ್ತಿ ಇಳಿಸುತ್ತಿದ್ದರಂತೆ. ಮಗ ಅದೇ ಶ್ರದ್ಧೆಯಿಂದ, ಶುರುವಿನಲ್ಲಿ ಹೆಸರುಗಳು ಬಂದು ಹೋದ ಕೂಡಲೇ, ಬೆಳಕನ್ನು ಅರ್ಧಕ್ಕೆ ತರುತ್ತಾನೆ. "ಎಸ್ರು ಓದ್ಕಳ್ಲಿ, ಪಾಪ ಕೆಲ್ಸ ಮಾಡವ್ರೆ. ಮಿಕ್ಕಿದ್ದು ಡೈಲಾಗಲ್ಲೇ ಗೊತ್ತಾಯ್ತದೆ" ಎನ್ನುವುದು ಅವನ ನ್ಯಾಯ.

ನಾವು ಕೆಳಗಿನಿಂದ "ಬತ್ತಿ ಏರ್ಸಣ್ಣೋ!" ಎಂದು ಕೂಗುತ್ತೇವೆ. ಅವನು ಕಿಂಡಿಗೆ ಬಾಯಿಟ್ಟು, "ಬತ್ತಿ ಸುಟ್ಟೋದ್ರೆ ಟಾಕೀಸು ಮುಚ್ತಾರೆ, ಆಮ್ಯಾಕೆ ಎಲ್ರೂ ಮೊಬೈಲಾಗೆ ನೋಡ್ಕಳಿ" ಎನ್ನುತ್ತಾನೆ. ಹಾಗೆಂದು ಯಜಮಾನರು ಹೇಳಿದ್ದೇನಲ್ಲ, ಅವನೇ ಕಟ್ಟಿಕೊಂಡ ಭಯ. ನಮ್ಮ ಶೆಡ್ಡಿನ ಬಾಲಾಜಿ, "ಬತ್ತಿ ಇಳಿಸಿ ಇಳಿಸಿಯೇ ನಮಗೆ ಬತ್ತಿ ಇಡ್ತಾನೆ ಗುರು" ಎಂದು ಪ್ರತಿ ವಾರವೂ ಹೇಳಿ, ಪ್ರತಿ ವಾರವೂ ತಾನೊಬ್ಬನೇ ನಗುತ್ತಾನೆ.

ಈ ನೇಮಕ್ಕೆ ಅಡ್ಡ ಬಂದವಳು ಹೊಳೆವ್ವ. ಯಾದಗಿರಿ ಕಡೆಯವಳು, ಮೂವತ್ತು ದಾಟಿದ ಹೆಂಗಸು. ತಮ್ಮ ನೀಲಪ್ಪನ ಜೊತೆ ಮಾಕಳಿಯಲ್ಲಿ ಬಾಡಿಗೆ ರೂಮು, ನಾಗಸಂದ್ರದ ಹತ್ತಿರ ಕಟ್ಟಡದ ಕೆಲಸ. ಹೋದ ವರ್ಷ ಆ ಕಟ್ಟಡದಲ್ಲೇ ಒಂದು ಸಿನಿಮಾದ ಶೂಟಿಂಗ್ ನಡೆದಿತ್ತು. ನಾಯಕ ಸಿಮೆಂಟು ಮೂಟೆ ಹೊರುವಾಗ ಅವನ ಹಿಂದೆ ಬಾಂಡ್ಲಿ ಹೊತ್ತು ದಾಟಿ ಹೋಗುವುದು ಹೊಳೆವ್ವನ ಪಾತ್ರ. ಏಳು ಸಲ ದಾಟಿಸಿದರಂತೆ. ಅಂದಿನಿಂದ ಅವಳು ರೂಮುಗಳ ಸಾಲಿನಲ್ಲಿ ಇದನ್ನು ಹೇಳದ ದಿನವಿಲ್ಲ, ನಂಬಿದವರೂ ಇಲ್ಲ.

ಆ ಸಿನಿಮಾ ನಮ್ಮ ಟಾಕೀಸಿಗೆ ಬಂದ ಭಾನುವಾರ ಮ್ಯಾಟಿನಿಗೆ ಹದಿನಾಲ್ಕು ಜನರನ್ನು ಕಟ್ಟಿಕೊಂಡು ಬಂದಳು. ನಾನು ಅವರ ಹಿಂದಿನ ಸಾಲಿನಲ್ಲಿದ್ದೆ. ಇಂಟರ್ವಲ್ಲಿಗೆ ಸ್ವಲ್ಪ ಮೊದಲು ಆ ದೃಶ್ಯ ಬಂತು. ಮಬ್ಬಿನಲ್ಲಿ ಏನೋ ಅಲ್ಲಾಡಿತು, ಹೋಯಿತು.

"ಅದು ನೀನs ಏನು, ಎಮ್ಮಿ ಏನು?" ಎಂದ ನೀಲಪ್ಪ. ಹದಿನಾಲ್ಕು ಜನರೂ ನಕ್ಕರು. ಸುಳ್ಳು ಹೇಳಲಾರೆ, ನಾನೂ ನಕ್ಕೆ. ಹೊಳೆವ್ವ ತಿರುಗಿ ನೋಡಿದಾಗ ಅವಳ ಕಣ್ಣು ತುಂಬಿತ್ತು. ನನಗೆ ನಾಚಿಕೆಯಾಯಿತು.

ಇಂಟರ್ವಲ್ಲಿನಲ್ಲಿ ಅವಳು ನೇರ ಕ್ಯಾಬಿನ್ನಿನ ಮೆಟ್ಟಿಲು ಹತ್ತಿದಳು. ನಾನೂ ಟೀ ಬಿಟ್ಟು ಹಿಂದೆಯೇ ಹೋದೆ.

"ಅಣ್ಣಾರ, ಇದ್ರಾಗ ನಾ ಅದೀನ್ರಿ" ಎಂದಳು.

"ಎಲ್ಲಮ್ಮ? ನನ್ ಕಣ್ಗೆ ಬೀಳ್ಲಿಲ್ವಲ್ಲ" ಎಂದ ಮುನಿಯಣ್ಣ.

"ನೀವು ಬತ್ತಿ ಇಳಿಸಿ ಕುಂತ್ರ ಹ್ಯಾಂಗ ಬೀಳಬೇಕ್ರಿ?"

ಮುನಿಯಣ್ಣ ಪಾಠ ಶುರುಮಾಡಿದ. "ಬತ್ತಿಗೂ ಆಯಸ್ಸು ಅಂತ ಐತೆ ಕಣಮ್ಮ. ಉರಿದಂಗೆಲ್ಲ ಕಮ್ಮಿಯಾಯ್ತದೆ."

"ನನಗೂ ಐತ್ರಿ" ಎಂದಳು ಹೊಳೆವ್ವ.

ಮುನಿಯಣ್ಣ ನನ್ನ ಮುಖ ನೋಡಿದ. ನಾನು ಸಹಾಯಕ್ಕೆ ಹೋಗಲಿಲ್ಲ. ಕೊನೆಗೆ, "ಫಸ್ಟ್ ಶೋಗೆ ಬಾ. ನಿನ್ ಸೀನಿಗೆ ಮಾತ್ರ ಏರಿಸ್ತೀನಿ" ಎಂದು ಗೊಣಗಿದ.

ಫಸ್ಟ್ ಶೋಗೆ ಅವಳ ಜೊತೆ ಉಳಿದವನು ನೀಲಪ್ಪ ಒಬ್ಬನೇ, ಅದೂ ಇನ್ನೊಮ್ಮೆ ನಗುವ ಆಸೆಗೆ. ನಾನು ಮನೆಗೆ ಫೋನ್ ಮಾಡಿ ಓವರ್‌ಟೈಮ್ ಇದೆ ಎಂದೆ. "ಭಾನುವಾರಾನಾ?" ಎಂದಳು ನನ್ನ ಹೆಂಡತಿ ಶಾಂತಿ. ಸಿಗ್ನಲ್ ಇಲ್ಲ ಎಂದು ಇಟ್ಟುಬಿಟ್ಟೆ.

ದೃಶ್ಯ ಬರುವ ಹೊತ್ತಿಗೆ ಸರಿಯಾಗಿ ಬೆಳಕು ಏರಿತು. ಅಬ್ಬಾ, ಏನೇನು ಕಾಣಿಸಿಬಿಟ್ಟಿತು! ಪರದೆಯ ಮೇಲಿನ ಮೂರು ತೇಪೆ, ಪಾರಿವಾಳಗಳ ಕೃಪೆ, ನಾಯಕನ ವಿಗ್ಗಿನ ಅಂಚು. ಅವನ ಹಿಂದಿನಿಂದ ಹಸಿರು ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು, ತಲೆಯ ಮೇಲೆ ಬಾಂಡ್ಲಿ ಹೊತ್ತ ಹೊಳೆವ್ವ ಬಂದಳು. ನೋಡಬಾರದೆಂದು ಹೇಳಿದ್ದರೂ ಒಮ್ಮೆ ಕ್ಯಾಮೆರಾ ಕಡೆ ತಿರುಗಿ ನೋಡಿಯೇ ಮುಂದೆ ಹೋದಳು.

"ಲೇ, ಅಕ್ಕ!" ಎಂದು ನೀಲಪ್ಪ ಸಿಳ್ಳೆ ಹೊಡೆದ.

ಹೊಳೆವ್ವ ಸಿಳ್ಳೆಗೆ ಹಿಗ್ಗಲಿಲ್ಲ. ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

"ನೀಲ್ಯಾ, ಅದು ಅವ್ವ" ಎಂದಳು. "ಅವ್ವ ಹಿಂಗs ನಡೀತಿದ್ಲು. ಹಿಂಗs ತಿರುಗಿ ನೋಡ್ತಿದ್ಲು. ಅಕೀನs ಬಂದಾಂಗಾತು."

ಅವರ ತಾಯಿ ತೀರಿಕೊಂಡಾಗ ನೀಲಪ್ಪನಿಗೆ ಒಂದೂವರೆ ವರ್ಷವಂತೆ. ಮನೆಯಲ್ಲಿ ಒಂದು ಫೋಟೋ ಕೂಡ ಇರಲಿಲ್ಲ. ಅವನು ಕುರ್ಚಿಯ ಮೇಲೆ ಹತ್ತಿ ನಿಂತು ಕ್ಯಾಬಿನ್ನಿನ ಕಡೆ ಕೂಗಿದ. "ಅಣ್ಣಾರ, ಇನ್ನೊಮ್ಮೆ ಬಿಡ್ರಿ! ನಾ ನಮ್ಮವ್ವನ ಮಾರಿ ನೋಡಿಲ್ರಿ!"

ಚಿತ್ರ ನಿಂತಿತು. ಶೋ ನಡುವೆ ಚಿತ್ರ ನಿಲ್ಲಿಸಿದವನಲ್ಲ ಮುನಿಯಣ್ಣ. ಜನ "ಏಯ್ ಆಪರೇಟರ್!" ಎಂದು ಕೂಗಾಡಿದರು. ಅವನು ಅದೇ ಜಾಗಕ್ಕೆ ಹಿಂದಕ್ಕೆ ತಂದು, ಪೂರ್ತಿ ಬೆಳಕಿನಲ್ಲಿ ಮತ್ತೆ ಬಿಟ್ಟ. ಹಸಿರು ಸೀರೆಯ ಹೆಂಗಸು ಬಾಂಡ್ಲಿ ಹೊತ್ತು ಬಂದಳು, ತಿರುಗಿ ನೋಡಿದಳು, ಹೋದಳು.

ನೀಲಪ್ಪ ಕೆಳಗಿಳಿದು ಅಕ್ಕನ ಕೈ ಹಿಡಿದುಕೊಂಡ. "ಅವ್ವ ಇಷ್ಟ ಸಣ್ಣ ವಯಸ್ಸಿನಾಕಿ ಇದ್ಲೇನು?" ಎಂದ.