ರಮಜಾನಬಿ ಹೊಲಿದ ಹೊಟ್ಟೆಗಳು

ಪಾಮನಕಲ್ಲೂರಿನ ರಮಜಾನಬಿಯ ಕೈಯಲ್ಲೇ ತಕ್ಕಡಿ ಇದೆ ಎಂದು ಜನ ಹೇಳುವುದು ಸುಮ್ಮನೆ ಅಲ್ಲ. ದಿಂಬನ್ನು ಒಮ್ಮೆ ಒತ್ತಿದರೆ ಸಾಕು, ಹತ್ತಿ ಹೊಸದೋ ಹಳೆಯದೋ, ಯಾವ ಮೂಲೆಯಲ್ಲಿ ಗಂಟು ಕಟ್ಟಿದೆಯೋ, ಎಲ್ಲ ಹೇಳಿಬಿಡುತ್ತಾಳೆ. ಗಾದಿ ಹೊಲಿಯುವ ಮನೆತನ. ಹುಟ್ಟಿದ್ದೂ ಹತ್ತಿಯ ಮನೆಯಲ್ಲಿ, ಮದುವೆಯಾಗಿ ಬಂದದ್ದೂ ಹತ್ತಿಯ ಮನೆಗೇ. ಮೆತ್ತಗಿದ್ದದ್ದು ಒಳ್ಳೆಯದು, ಗಟ್ಟಿಯಾದದ್ದು ಕೆಟ್ಟದ್ದು ಎಂಬುದು ಅವಳ ಅಂಗೈಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಸಿಂಧನೂರಿನ ನರ್ಸಿಂಗ್ ಶಾಲೆಯ ಅಮರೇಶ್ವರಿ ಟೀಚರು ಹಾಸ್ಟೆಲ್ಲಿಗೆ ಗಾದಿ ಹೇಳಲು ಬಂದವರು ಈ ಕೈಯನ್ನು ನೋಡಿ ಬಿಡಲೇ ಇಲ್ಲ. ಕಲಿಯುವುದಕ್ಕೆ ಬೇಕಾದ ರಬ್ಬರಿನ ಗೊಂಬೆಗಳನ್ನು ಕೊಳ್ಳಬೇಕೆಂದರೆ ಶಾಲೆಯನ್ನೇ ಮಾರಬೇಕು. ಹುಡುಗಿಯರು ಸೂಜಿ ಚುಚ್ಚುವುದನ್ನು ಗೋಡೆಯ ಚಿತ್ರ ನೋಡಿ ಕಲಿಯುತ್ತಿದ್ದರು. ಚಿತ್ರಕ್ಕೇನು, ಎಲ್ಲಿ ಚುಚ್ಚಿದರೂ ನೋವಿಲ್ಲ! ರಮಜಾನಬಿ ಹಳೆಯ ರೆಕ್ಸಿನ್ನಿನಲ್ಲಿ ತೋಳು ಹೊಲಿದು, ಒಳಗೆ ಸಲೈನಿನ ಪೈಪು ಕೂಡಿಸಿ, ಅದರೊಳಗೆ ಕೆಂಪು ಬಣ್ಣದ ನೀರು ತುಂಬಿ ಕೊಟ್ಟಳು. ಮೊದಲು ಚುಚ್ಚಿದ ಹುಡುಗಿ ಕೆಂಪು ನೀರು ಕಂಡು ಕಿಟಾರನೆ ಕಿರುಚಿದಳಂತೆ. ಅದನ್ನು ಕೇಳಿ ರಮಜಾನಬಿ ನಕ್ಕಳು. ಮೂರು ವರ್ಷದಲ್ಲಿ ಅದೇ ಮೊದಲ ನಗು.

ಮಗಳು ವಸೀಮಾ ಹೋಗಿ ಮೂರು ವರ್ಷವಾಗಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು. ದಿನ ತುಂಬುವ ಮೊದಲೇ ಒಂದು ಬೆಳಿಗ್ಗೆ ನೋವು ಬಂದು, ಕಣ್ಣುಮುಚ್ಚಿ ತೆರೆಯುವುದರೊಳಗೆ ಮನೆಯಲ್ಲೇ ಹೆತ್ತಳು. ಅವಳಪ್ಪ ಚಾಂದ್‌ಪಾಷಾ ಟಂಟಂನಲ್ಲಿ ಗಾದಿ ಹೇರಿಕೊಂಡು ಲಿಂಗಸುಗೂರಿಗೆ ಹೋಗಿದ್ದ. ಮನೆಯದೇ ಗಾಡಿ ಇರುವಾಗ ಬೇರೆಯವರದು ಯಾಕೆ ಎಂದು ಅವನಿಗೇ ಫೋನು ಮಾಡಿ ಕಾದರು. ಅವನು ಬಂದು, ಮಗಳನ್ನು ಮಲಗಿಸಿಕೊಂಡು, ಪಕ್ಕದ ಮನೆಯ ಮುದುಕಿ ಪೀರ್‌ಬೀಯನ್ನು ಜೊತೆಗೆ ಕೂಡಿಸಿಕೊಂಡು ಹೊರಟ. ರಮಜಾನಬಿ ಕೂಸನ್ನು ಹಿಡಿದು ಮನೆಯಲ್ಲಿ ಉಳಿದಳು. ದವಾಖಾನೆಯ ಮೆಟ್ಟಿಲು ಹತ್ತುವ ಮೊದಲೇ ವಸೀಮಾ ತೀರಿಹೋಗಿದ್ದಳು.

"ನಾ ತಡಾ ಮಾಡಿದೆ." ಮಾತಾಡಿಸಲು ಬಂದವರಿಗೆಲ್ಲ ಚಾಂದ್‌ಪಾಷಾನದು ಇದೊಂದೇ ಮಾತು. ಟಂಟಂ ಮಾರಿದ. ಅವನೇ ತಡ ಮಾಡಿದ ಎಂದು ಊರೂ ಅಂದಿತು. ಊರಿನ ಮಾತು ಹಾಳಾಗಿ ಹೋಗಲಿ, ಕಟ್ಟಿಕೊಂಡ ಹೆಂಡತಿ ಸುಮ್ಮನಿದ್ದಳೇ? ಸಾರಿಗೆ ಉಪ್ಪು ಕಡಿಮೆ ಎಂದು ಶುರುವಾದ ಜಗಳವೂ ಅಲ್ಲಿಗೇ ಹೋಗಿ ಮುಟ್ಟುತ್ತಿತ್ತು.

"ಅವತ್ತು ಹೋಟ್ಲಾಗ ಚಾ ಕುಡಕೋತ ಕುಂತಿದ್ದೇನು? ಲಗೂ ಬಂದಿದ್ರ ನನ್ನ ಮಗಳು ಇರ್ತಿದ್ಲು!"

ಅವನು ತಲೆ ತಗ್ಗಿಸಿ, ಮೊಮ್ಮಗಳು ಅರ್ಜುಮಂದಳನ್ನು ಎತ್ತಿಕೊಂಡು ಹೊರಗೆ ಹೋಗುತ್ತಿದ್ದ. ಒಂದು ದಿನವೂ ತಿರುಗಿ ಮಾತಾಡಿದವನಲ್ಲ.

ತೋಳುಗಳ ಬೆನ್ನಿಗೇ ಟೀಚರು ಹೊಸ ಕೆಲಸ ತಂದರು. ಬಾಣಂತಿಯ ಹೊಟ್ಟೆಗಳು ಬೇಕಂತೆ, ಹುಡುಗಿಯರು ಒತ್ತಿ ನೋಡಿ ಕಲಿಯಲು.

"ಕೆಲವು ಒಳಗ ಚೆಂಡಿನಂಗ ಗಟ್ಟಿ ಇರಲಿ ರಮಜಾನಮ್ಮ. ಕೆಲವು ಮೆತ್ತಗ."

"ಗಟ್ಟಿ ಇದ್ದದ್ದು ರೋಗದ್ದೇನ್ರಿ?"

"ಅಯ್ಯ, ಉಲ್ಟಾ! ಹಡೆದ ಮ್ಯಾಲ ಗರ್ಭಚೀಲ ಗಟ್ಟಿ ಆಗಬೇಕು, ಆಗ ರಕ್ತ ನಿಂದರತದ. ಮೆತ್ತಗಿದ್ರ ರಕ್ತ ಹರಿಯಾಕತ್ತದ ಅಂತ ತಿಳಿಬೇಕು. ಕೂಡ್ಲೇ ಹೊಟ್ಟಿ ತಿಕ್ಕಬೇಕು, ಗಟ್ಟಿ ಆಗೋ ತನಕ ಕೈ ತೆಗಿಬಾರದು. ಸುಮ್ನ ಮಲಗಾಕ ಬಿಟ್ರ ಜೀವಾನೇ ಹೋಗ್ತದ."

ರಮಜಾನಬಿ ತನ್ನ ಅಂಗೈ ನೋಡಿಕೊಂಡಳು. ಆ ಬೆಳಿಗ್ಗೆ ಈ ಅಂಗೈ ಮಗಳ ಹೊಟ್ಟೆಯ ಮೇಲೇ ಇತ್ತು. ಹೊಸ ಹತ್ತಿ ತುಂಬಿದ ದಿಂಬಿನಷ್ಟು ಮೆತ್ತಗಿತ್ತು. ಬಟ್ಟೆ ತೋಯುವುದನ್ನು ಕಂಡು ಪೀರ್‌ಬೀ "ಹೊಟ್ಟಿ ಒಂದಿಷ್ಟು ತಿಕ್ಕೂನೇನು?" ಎಂದು ಕೈ ಚಾಚಿದಾಗ, ಆ ಕೈಯನ್ನು ತಾನೇ ಸರಿಸಿದ್ದಳು. "ಬ್ಯಾಡ, ಹೊಟ್ಟಿ ಮೆತ್ತಗಾಗ್ಯಾದ. ಆರಾಮಾಗ್ಯಾಳ, ಮಲಗಲಿ ಬಿಡು" ಎಂದಿದ್ದಳು.

ಯಾ ಅಲ್ಲಾ, ಎಂಥ ಮಾತು ಆಡಿದ್ದೆ!

ಹದಿನೈದು ದಿನ ಬರೀ ಗಟ್ಟಿ ಹೊಟ್ಟೆಗಳನ್ನೇ ಹೊಲಿದಳು. ಮೆತ್ತನೆಯದಕ್ಕೆ ಕೈ ಏಳಲಿಲ್ಲ. ಬಾಯಿಬಿಟ್ಟು ಹೇಳಿದರೆ ಗಂಡನ ತಲೆಯ ಮೇಲಿನ ಹೊರೆ ಇಳಿಯುತ್ತದೆ. ಆದರೆ ಆಮೇಲೆ ಅವನು ತನ್ನ ಮುಖ ನೋಡುತ್ತಾನೆಯೇ? ಹೇಳದಿದ್ದರೆ, ಮಾಡದ ತಪ್ಪನ್ನು ಹೊತ್ತುಕೊಂಡೇ ಅವನು ಗೋರಿಗೆ ಹೋಗುತ್ತಾನೆ. ಊಟ ಸೇರಲಿಲ್ಲ. ಅವನನ್ನು ಬೈಯುವುದನ್ನೂ ನಿಲ್ಲಿಸಿದಳು. ಮೈಯಲ್ಲಿ ಹುಷಾರಿಲ್ಲವೇನೋ ಎಂದು ಅವನೇ ಮಾತ್ರೆ ತಂದುಕೊಟ್ಟ, ಪುಣ್ಯಾತ್ಮ.

ಕೊನೆಗೆ ಒಂದು ಮಧ್ಯಾಹ್ನ ಮೆತ್ತನೆಯ ಹೊಟ್ಟೆಯೊಂದನ್ನು ಹೊಲಿದು ಮುಗಿಸಿ ಅವನನ್ನು ಕರೆದಳು.

"ಇದರ ಮ್ಯಾಲ ಕೈ ಇಡು."

ಇಟ್ಟ.

"ವಸೀಮಾನ ಹೊಟ್ಟಿ ಹಿಂಗಿತ್ತು. ತಿಕ್ಕಿದ್ರ ಉಳೀತಿದ್ಲು. ನಾನ ಬ್ಯಾಡ ಅಂದೆ. ನೀ ತಡಾ ಮಾಡಿಲ್ಲ, ನಾ ಕೊಂದೀನಿ ಅಕಿನ್ನ."

ಹೊಡೆಯಲಿ, ಉಗಿಯಲಿ, ಏನಾದರೂ ಮಾಡಲಿ ಎಂದು ಕಣ್ಣುಮುಚ್ಚಿ ಕುಳಿತಳು. ಚಾಂದ್‌ಪಾಷಾ ಕೈ ತೆಗೆಯಲಿಲ್ಲ.

"ನಂಗ ಗೊತ್ತದ" ಎಂದ.

"ಏನ್ ಗೊತ್ತದ?"

"ಡಾಕ್ಟರಮ್ಮ ಅವತ್ತೇ ಕೇಳಿದ್ರು, ಹೊಟ್ಟಿ ಯಾರೂ ತಿಕ್ಕಲಿಲ್ಲೇನು ಅಂತ. ಪೀರ್‌ಬೀ ಅಳಕೋತ ಎಲ್ಲಾ ಹೇಳಿದ್ಲು. ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತ ಅಕಿ ಕಡಿಂದ ನಾನ ಆಣಿ ಮಾಡಿಸ್ಕೊಂಡೆ."

"ಮೂರು ವರ್ಷ ಬಾಯಿಗೆ ಬಂದಂಗ ಬೈದೀನಲ್ಲೋ ನಿನಗ! ಯಾಕ ಸುಮ್ಮಿದ್ದಿ?"

"ನೀ ಬೈದ್ರ ನಾ ಹೊರಗ ಹೋಗಿ ಬರ್ತಿದ್ದೆ. ಇದು ಗೊತ್ತಾಗಿದ್ರ ನೀ ಎಲ್ಲಿ ಹೋಗ್ತಿದ್ದಿ? ದಿನಾ ಬೆಳಗಾದ್ರ ಹತ್ತ್ಯಾಗ ಕೈ ಇಡಾಕಿ ನೀ."

ರಮಜಾನಬಿ ತನ್ನ ಎರಡೂ ಕೈಗಳನ್ನು ನೆಲಕ್ಕೆ ಬಡಿದುಕೊಂಡು ಅತ್ತಳು. ಅವನು ಆ ಕೈಗಳನ್ನು ಹಿಡಿದುಕೊಂಡು ಕುಳಿತ. ಮೂರು ವರ್ಷ ತಾನು ಅಂದ ಒಂದೊಂದು ಮಾತೂ ಅವಳಿಗೆ ನೆನಪಾಯಿತು. ಒಂದಕ್ಕಾದರೂ ಮಾಫಿ ಕೇಳಬೇಕೆಂದುಕೊಂಡವಳು ಅವನ ಕೈಗಳನ್ನು ಎಳೆದು ಕಣ್ಣಿಗೊತ್ತಿಕೊಂಡಳು.