ನಡೆಯುವ ಜಟಾಯು

ಕರ್ಕಿಯ ಬಯಲಾಟದಲ್ಲಿ ನಮ್ಮ ನೆರೆಮನೆಯಾತನದು ಜಟಾಯುವಿನ ಪಾತ್ರ. ಪಾತ್ರ ಕಲಿಯಲೆಂದು ಆತ ಹೊಳೆದಂಡೆಯಲ್ಲಿ ಮೀನಿನ ಕಸ ಹೆಕ್ಕುವ ಬಿಳಿ ರಣಹದ್ದಿನ ಹಿಂದೆಯೇ ಅಡ್ಡಾಡುತ್ತಿದ್ದ. ಅದರಂತೆಯೇ ಕುತ್ತಿಗೆ ಚಾಚಿ ಹೆಜ್ಜೆ ಹಾಕುತ್ತ, "ಹಾರೂದು ಎಂತಕ್ಕೆ? ನಡೆದ್ರೆ ಆತು" ಎನ್ನುತ್ತಿದ್ದ.

ಮಹಾಯುದ್ಧದ ರೇಷನ್ ಕಾಲದ ಒಂದು ಆಟದಲ್ಲಿ ರಾವಣ ಜಟಾಯುವಿನ ರೆಕ್ಕೆ ಕತ್ತರಿಸಿದ. ನಮ್ಮ ಜಟಾಯು ಬೀಳಲೇ ಇಲ್ಲ. ನಡೆದುಕೊಂಡೇ ಅವನನ್ನು ಬೆನ್ನಟ್ಟಿದ. ರಾವಣ ಕತ್ತಿ ಬೀಸುತ್ತ ರಂಗವೆಲ್ಲ ಸುತ್ತಿದ.

ಭಾಗವತರು ಪದ್ಯ ನಿಲ್ಲಿಸಿ ಕೂಗಿದರು: "ಬೀಳೋ ಮಾರಾಯಾ, ರೇಷನ್ ಸೀಮೆಎಣ್ಣೆ ಮುಗೀತಾ ಬಂತು! ದೀಪ ಆರ್ತದೆ!"

"ರೆಕ್ಕೆ ಹೋದ್ರೆ ಎಂತಾತು? ನಡೆದ್ರೆ ಆತು!" ಎಂದ ಜಟಾಯು.

ಕೊನೆಗೆ ಏದುಸಿರು ಬಿಡುತ್ತ ರಾವಣನೇ ನೆಲಕ್ಕೆ ಬಿದ್ದ. ಜಟಾಯು ಹತ್ತಿರ ಬಂದು, ಕತ್ತು ಓರೆ ಮಾಡಿ, ಅವನು ಸಾಯುವುದನ್ನೇ ಕಾಯುತ್ತ ಕೂತ.