ಶಿವಲಿಂಗಮ್ಮನ ಮೀಟಿಂಗಿನಲ್ಲಿ ಸುಮ್ಮನೆ ಕೂರುವಂತಿಲ್ಲ

ಚನ್ನಪಟ್ಟಣದ ಪಕ್ಕದ ಬೈರಾಪಟ್ಟಣದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನಡುಮನೆಯ ಮಂಚದ ಮೇಲೆ ಅಂಗಾತ ಮಲಗಿರುವ ಶಿವಲಿಂಗಮ್ಮ, ಗಂಡ ದಾಸಪ್ಪನವರ ಕೈಲಿ ತಲೆ ಬಾಚಿಸಿಕೊಂಡು, ಹಣೆಗೆ ಕುಂಕುಮ ಇಟ್ಟುಕೊಂಡು, ದಿಂಬಿನ ಪಕ್ಕದ ಮೊಬೈಲಿನ ಕಡೆ ಮುಖ ತಿರುಗಿಸಿದ್ದಾರೆ. ಆ ಕಡೆಯವರಿಗೆ ಇವರೇನೂ ಕಾಣುವುದಿಲ್ಲ. ಆದರೂ ಮೀಟಿಂಗ್ ಅಂದರೆ ಮೀಟಿಂಗೇ. "ಕೆದರಿದ ತಲೇಲಿ ಮಾತಾಡಿದ್ರೆ ಮಾತೂವೆ ಹಂಗೇ ಬತ್ತದೆ ಸಾ" ಎನ್ನುತ್ತಾರೆ, ಮೀಟಿಂಗ್ ನೋಡಿ ಬರೆಯಲೆಂದು ಬಂದು ಪಕ್ಕದಲ್ಲಿ ಕೂತ ನನಗೆ.

ಆ ಕಡೆ ಎಂದರೆ ಬಿಡದಿ. ಕಾರ್ಖಾನೆಗಳ ಬೀದಿಯ ಹಿಂದೆ ಶೀಟು ಹೊದಿಸಿದ ಒಂದು ಅಡುಗೆಮನೆ. ಅಲ್ಲಿ ಐದು ಜನ ಸುತ್ತ ಕೂತಿದ್ದಾರೆ. ನಡುವೆ ಮಗುಚಿಟ್ಟ ಪಾತ್ರೆಯ ಮೇಲೆ ಇನ್ನೊಂದು ಮೊಬೈಲು, ಸ್ಪೀಕರ್ ಹಾಕಿದ್ದು. ಬೆಳಗಿನ ಪಾಳಿಯವರಿಗೆ ದಿನಾ ಮುನ್ನೂರು ತಟ್ಟೆ ಇಡ್ಲಿ ಬೇಯಿಸುವ ಈ ಮೆಸ್ಸಿಗೆ ಭಾನುವಾರ ರಜೆ. ಭಾನುವಾರ ಒಲೆ ಹಚ್ಚುವುದಿಲ್ಲ, ಬರೀ ಮಾತು. ಒಡತಿ ಶಿವಲಿಂಗಮ್ಮ ತನ್ನದೇ ಅಡುಗೆಮನೆಯ ಹೊಸ್ತಿಲು ತುಳಿದು ನಾಲ್ಕು ವರ್ಷವಾಗಿದೆ.

ಬಿಡದಿಗೆ ಕಾರ್ಖಾನೆಗಳು ಒಂದರ ಹಿಂದೊಂದು ಬಂದಾಗ, ಗೇಟಿನ ಮುಂದೆ ಹುಡುಗರು ಬನ್ನು ಕಚ್ಚಿಕೊಂಡು ನಿಂತಿದ್ದನ್ನು ನೋಡಿ ಶಿವಲಿಂಗಮ್ಮ ಒಂದು ತಳ್ಳುಗಾಡಿ, ಒಂದು ಒಲೆಯಿಂದ ಶುರು ಮಾಡಿದವರು. ಚನ್ನಪಟ್ಟಣದಿಂದ ಮೊದಲ ರೈಲಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದರು. ನಾಲ್ಕು ವರ್ಷದ ಹಿಂದೆ, 2004ರಲ್ಲಿ, ಮೈಸೂರು ರಸ್ತೆಯಲ್ಲಿ ಅದೇ ಸಂಜೆ ಬಸ್ಸು ಲಾರಿಗೆ ಗುದ್ದಿತು. ಬೆನ್ನುಮೂಳೆ ಮುರಿದು ಮಂಚ ಹಿಡಿದರು. ಮುಚ್ಚಿಬಿಡು ಎಂದು ಊರೆಲ್ಲ ಹೇಳಿತು. "ಅನ್ನ ಕೊಟ್ಟ ಒಲೆ. ನೀರು ಹುಯ್ಯಕ್ಕೆ ನಂಗೆ ಕೈ ಬರ್ನಿಲ್ಲ" ಎನ್ನುತ್ತಾರೆ. ಅಂದಿನಿಂದ ಮೆಸ್ಸು ನಡೆದಿರುವುದು ಈ ಭಾನುವಾರದ ಫೋನಿನ ಮೇಲೆ.

ಒಮ್ಮೆ ಆ ಫೋನೇ ಅನಾಹುತ ಮಾಡಿತು. ಎರಡು ವರ್ಷದ ಹಿಂದೆ ಕಾರ್ಖಾನೆಯೊಂದು ರಾತ್ರಿ ಪಾಳಿಗೂ ಊಟ ಕೇಳಿತ್ತು. "ಏನ್ರವ್ವಾ, ಒಪ್ಕಳಾಣ್ವಾ?" ಎಂದು ಶಿವಲಿಂಗಮ್ಮ ಫೋನಿನಲ್ಲಿ ಕೇಳಿದರು. ಆ ಕಡೆಯಿಂದ ಯಾರೂ ತುಟಿ ಬಿಚ್ಚಲಿಲ್ಲ. "ಸರಿ ಹಂಗಾರೆ" ಎಂದು ಇವರು ಒಪ್ಪಿಕೊಂಡುಬಿಟ್ಟರು. ಮೌನವೇ ಸಮ್ಮತಿ ಎನ್ನುವುದೆಲ್ಲ ಓದಿದವರ ಮಾತು. ನಮ್ಮ ಕಡೆ ಹಿರಿಯರ ಮುಂದೆ ಬೇಡ ಎನ್ನುವವರು ಬಾಯಿ ಬಿಡುವುದಿಲ್ಲ. ತಲೆ ತಗ್ಗಿಸಿ ಕಾಲ್ಬೆರಳಲ್ಲಿ ನೆಲ ಕೆರೆಯುತ್ತಾರೆ, ಅಷ್ಟೇ. ಎದುರಿಗಿದ್ದವರಿಗೆ ಅಷ್ಟರಲ್ಲೇ ಅರ್ಥವಾಗುತ್ತದೆ. ಫೋನಿಗೆ ಕಾಲ್ಬೆರಳು ಎಲ್ಲಿ ಕಾಣಬೇಕು?

ಹಗಲೂ ರಾತ್ರಿ ದುಡಿದು ನಿದ್ದೆಗೆಟ್ಟಿದ್ದ ಮಾರಕ್ಕ, ಮೊದಲಿನಿಂದ ಜೊತೆಗಿದ್ದ ಕೈ ಪಳಗಿದ ಹೆಂಗಸು, ಒಂದು ಬೆಳಿಗ್ಗೆ ಇಡ್ಲಿ ಪಾತ್ರೆಯ ಮುಚ್ಚಳವನ್ನು ತನ್ನ ಕಡೆಗೇ ಎತ್ತಿಬಿಟ್ಟರು. ಹಬೆ ಬಡಿದು ಬಲಗೈ ಮೊಣಕೈವರೆಗೆ ಬೆಂದುಹೋಯಿತು. ಇವತ್ತಿಗೂ ಆ ಬೆರಳುಗಳನ್ನು ಮಡಿಚಲಾಗುವುದಿಲ್ಲ. ಆಸ್ಪತ್ರೆಗೆ ಹೋಗಿ ನೋಡಲೂ ಆಗದ ಶಿವಲಿಂಗಮ್ಮ ಫೋನು ಮಾಡಿ ಅತ್ತರು. "ಒಂದು ಮಾತು ಯೇಳ್ಬಾರ್ದಿತ್ತೇನೇ?" ಎಂದು ಕೇಳಿದರು. ಮಾರಕ್ಕನ ಉತ್ತರ ಅವರಿಗೆ ಬಾಯಿಪಾಠವಾಗಿದೆ: "ಬ್ಯಾಡ ಅಂತ್ಲೇ ಅಲ್ವಾ ಅಕ್ಕ ನಾನು ಸುಮ್ಕಿದ್ದುದ್ದು."

ಅವತ್ತೇ ರಾತ್ರಿ ಪಾಳಿಯ ಊಟ ನಿಂತಿತು, ಮೀಟಿಂಗಿಗೆ ಕಟ್ಟಳೆ ಬಂತು. ಎಲ್ಲರಿಗಿಂತ ಹೊಸಬರು ಮೊದಲು ಮಾತಾಡಬೇಕು, ಒಡತಿ ಕೊನೆಗೆ. ಬರೀ ಹೂಂ ಅಂದರೆ ಲೆಕ್ಕಕ್ಕಿಲ್ಲ. ಆ ವಾರ ಏನು ಕಷ್ಟವಾಯಿತು ಎಂದು ಪ್ರತಿಯೊಬ್ಬರೂ ಬಾಯಿಬಿಟ್ಟು ಹೇಳಬೇಕು. ಮೀಟಿಂಗ್ ನಡೆಸುವ ಕೆಲಸ ಮಾರಕ್ಕನದು. ಯಾರಾದರೂ ಸುಮ್ಮನಾದರೆ ಅವರು ಏನು ಮಾಡುತ್ತಿದ್ದಾರೆಂದು ಮಾರಕ್ಕ ಫೋನಿಗೆ ಹೇಳುತ್ತಾರೆ. "ದೇವರಾಜು ತಲೆ ಕೆರ್ಕತಾವ್ನೆ ಕಣಕ್ಕ, ಏನೋ ಮಡಿಕಂಡವ್ನೆ ಒಳಗೆ" ಎಂದು ಇವತ್ತೂ ಕೇಳಿಸಿತು. ಇಡ್ಲಿ ಸಾಗಿಸುವ ದೇವರಾಜು ಗಾಡಿಯ ಬ್ರೇಕು ಸರಿಯಿಲ್ಲವೆಂದು ಒಪ್ಪಿಕೊಂಡ. ಎಲ್ಲರೂ ನಕ್ಕರು.

ಆ ನಗು ಅಲ್ಲಿಗೇ ನಿಂತಿತು. ಈಗ ಇಡ್ಲಿ ಕೊಳ್ಳುವ ಕಾರ್ಖಾನೆ ಮುಂದಿನ ತಿಂಗಳಿಂದ ತನ್ನದೇ ಕ್ಯಾಂಟೀನು ತೆರೆಯುತ್ತಿದೆ. ಇನ್ನೊಂದು ಹೊಸ ಕಾರ್ಖಾನೆ ಕರೆದಿದೆ, ಆದರೆ ರಾತ್ರಿ ಊಟವನ್ನೂ ಕೊಡುವುದಾದರೆ ಮಾತ್ರ. ಹೊಸ ಕೈಗಳನ್ನು ಸೇರಿಸೋಣವೆಂದರೆ ಬಿಡದಿಯಲ್ಲಿ ಒಲೆ ಮುಂದೆ ನಿಲ್ಲಲು ಈಗ ಯಾರೂ ಬರುವುದಿಲ್ಲ. ಒಪ್ಪದಿದ್ದರೆ ಮೆಸ್ಸು ಉಳಿಯುವುದು ಅನುಮಾನ.

ಕಟ್ಟಳೆಯಂತೆ ಮೊದಲು ಸಾಬಿರಾ ಮಾತಾಡಬೇಕು. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದ ಹೆಂಗಸು, ಆ ಕೆಲಸ ನಿಂತ ಮೇಲೆ ವರ್ಷದ ಹಿಂದೆ ಇಲ್ಲಿ ಸೇರಿದವರು.

"ನನ್ ಕೈಲಾಗಕಿಲ್ಲ ಅಕ್ಕ. ರಾತ್ರಿನೂವೆ ಒಲೆ ಮುಂದೆ ನಿಂತ್ರೆ ನಾನೂ ಮಾರಕ್ಕನಂಗೇ ಆಯ್ತೀನಿ."

ದೇವರಾಜು ಹೇಳಿದ: "ನಾನೇನೋ ಗಾಡಿ ಓಡಿಸ್ತೀನಿ. ಬೇಯ್ಸೋರೇ ಬ್ಯಾಡ ಅಂದ್ಮೇಲೆ ಖಾಲಿ ಪಾತ್ರೆ ಹೊತ್ಕಂಡೋಗ್ಲಾ?" ಉಳಿದಿಬ್ಬರೂ ಆಗದು ಎಂದರು.

ಶಿವಲಿಂಗಮ್ಮನ ದನಿ ಗಡುಸಾಯಿತು. "ಇದು ಬುಟ್ರೆ ಮುಂದ್ಲ ತಿಂಗ್ಳು ಒಲೆ ಹತ್ತಕಿಲ್ಲ. ಗೊತ್ತೇನವ್ವಾ ಸಾಬಿರಾ?"

ಮಾರಕ್ಕ ತಡೆದರು: "ನಿನ್ ಸರದಿ ಇನ್ನೂ ಬಂದಿಲ್ಲ ಅಕ್ಕ. ಸಾಬಿರಾ ಕಣ್ತುಂಬ ನೀರೈತೆ. ಆದ್ರೆ ತಲೆ ತಗ್ಸಿಲ್ಲ, ಫೋನ್ನೇ ನೋಡ್ತಾವ್ಳೆ. ನಂದೂ ಬ್ಯಾಡ ಅಂತ್ಲೇ. ಹೋದ್ಸಲ ಬಾಯಿ ಬುಡ್ನಿಲ್ಲ, ಈ ಸಲ ಬುಟ್ಟಿದೀನಿ."

ಶಿವಲಿಂಗಮ್ಮ ಕಣ್ಣು ಮುಚ್ಚಿಕೊಂಡರು. ಕಾಫಿ ಲೋಟ ಹಿಡಿದು ಬಂದ ದಾಸಪ್ಪನವರು ಬಾಗಿಲಲ್ಲೇ ನಿಂತರು. "ಆಯ್ತು ಕಣ್ರವ್ವಾ. ಬ್ಯಾಡ ಅಂತ ಯೇಳ್ಬುಡ್ತೀನಿ ಅವ್ರಿಗೆ" ಎಂದು ಹೇಳಿ ಫೋನು ಇಟ್ಟರು. ಇಟ್ಟ ಮೇಲೆ ಬಿಕ್ಕಿ ಬಿಕ್ಕಿ ಅತ್ತರು. ನನಗೆ ಎತ್ತ ನೋಡುವುದೋ ತಿಳಿಯಲಿಲ್ಲ. ಹತ್ತು ವರ್ಷ ಕಟ್ಟಿದ್ದನ್ನು ಮಲಗಿದಲ್ಲಿಂದ ಒಂದೇ ಮಾತಿಗೆ ಬಿಟ್ಟುಕೊಡುವುದು ಸಾಮಾನ್ಯವೇ?

ಅಳು ನಿಂತ ಮೇಲೆ ಮುಂದೇನು ಎಂದು ಕೇಳಿದೆ. ಸಣ್ಣಪುಟ್ಟ ಕಾರ್ಖಾನೆಗಳಿಗೆ ದೇವರಾಜುವನ್ನು ಕಳಿಸಿ ಕೇಳಿಸಬೇಕು, ಸಿಕ್ಕರೆ ಸಿಕ್ಕಿತು ಎಂದರು. ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ನೋಡಿದರು.

"ಸಾಬಿರಾ ಮಕ ನಾನು ಇವತ್ತಿಗೂ ನೋಡಿಲ್ಲ ಸಾ. ಬಂದ ಹೊಸ್ತ್ರಲ್ಲಿ ಉಸಿರು ಬುಡ್ತಿರ್ನಿಲ್ಲ, ಏನ್ ಕೇಳಿದ್ರೂ ಹೂಂ. ಇವತ್ತು ಸಂಬ್ಳ ಕೊಡೋಳಿಗೇ ಆಗಕಿಲ್ಲ ಅಂದ್ಬುಟ್ಲು. ಮೆಸ್ಸು ಇರ್ಲಿ, ಮುಚ್ಲಿ. ಅವ್ಳು ಇನ್ಯಾವ ಒಲೆ ಮುಂದೆ ನಿಂತ್ರೂ ಕೈ ಬೇಯಿಸ್ಕಳ್ಳಕಿಲ್ಲ."